ಚಿಕ್ಕಮ್ಮನ ಶಿಫಾರಸು ಪತ್ರ

ನಾರ್ವೆಯಿಂದ ಉತ್ತರ ಬಂದ ದಿನ ಪೂರಿಂಗ್ ಕಪ್ಪು ತೊಗರಿಕಾಳು, ಹಂದಿಮಾಂಸ, ಎಳೆ ಹಲಸು ಹಾಕಿ ಸಾರು ಮಾಡಿದ್ದಳು. ಮಗಳು ಜೊವೆಲಿನ್‌ಗೆ ಅದೆಂದರೆ ಪ್ರಾಣ. ಹುಳಿಗೆ ಬೇಕಾದ ಬತ್ವಾನ್ ಕಾಯಿ ಸಿಗದೆ ಎರಡು ಸಂತೆ ಅಲೆದಿದ್ದಳು. ಮಗಳಿಗೆ ಅಲ್ಲಿ ಓದಲು ಸೀಟು ಸಿಕ್ಕರೆ ಹಬ್ಬದೂಟ, ಸಿಗದಿದ್ದರೆ ಸಮಾಧಾನದ ಊಟ, ಎರಡಕ್ಕೂ ಆಗುತ್ತದೆ ಎಂಬುದು ಅವಳ ಎಣಿಕೆ.

ಜೊವೆಲಿನ್ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ತಟ್ಟೆಗೆ ಅನ್ನ ಬಡಿಸಿಕೊಂಡಳು.

"ಬಂತಾ?" ಪೂರಿಂಗ್ ಕೇಳಿದಳು.

"ಬಂತು ನಾನಾಯ್," ಎಂದಳು ಜೊವೆಲಿನ್ ಅಮ್ಮನಿಗೆ. "ಬೇರೆಯವರನ್ನ ಆರಿಸ್ಕೊಂಡ್ರಂತೆ. ಮುಂದೆ ಒಳ್ಳೇದಾಗ್ಲಿ ಅಂತ ಬರೆದಿದ್ದಾರೆ."

"ಒಳ್ಳೇದಾಗ್ಲಿ ಅಂದಿದ್ದಾರಲ್ಲ, ಮತ್ತೇನು?" ಎಂದಳು ಎಂಬತ್ತನಾಲ್ಕು ವರ್ಷದ ಅಜ್ಜಿ ಬಾಸಿಂಗ್, ಸಾರಿನೊಳಗಿಂದ ಮೆತ್ತನೆಯ ತುಂಡು ಹುಡುಕುತ್ತ.

"ಬಾಗಿಲು ಹಾಕೋವಾಗ ಎಲ್ಲಾರೂ ಅಂಗೇ ಅನ್ನೋದು, ಲೋಲಾ," ಎಂದಳು ಜೊವೆಲಿನ್ ಅಜ್ಜಿಗೆ.

ಮೇಜಿನ ತುದಿಯಲ್ಲಿ ಕೂತಿದ್ದ ಪೂರಿಂಗ್‌ಳ ತಂಗಿ, ಡಾಕ್ಟರ್ ಅರಾಸೆಲಿ, ಕನ್ನಡಕ ತೆಗೆದು ಒರೆಸಿಕೊಂಡಳು. "ಇದು ನಾಲ್ಕನೇದು ಅಲ್ವಾ? ಅವಸರ ಮಾಡಬೇಡ ಇಂದಾಯ್, ಮಗೂ. ನಾನು ಬೆಲ್ಜಿಯಂಗೆ ಹೋಗೋಕೆ ಮೂರು ವರ್ಷ ಕಾದಿದ್ದೆ. ಕಾಲೇಜಿನ ತೊಟ್ಟಿಗೆ ಹೊಸ ಸಿಂಪಿ ಮರಿ ಬರೋ ಹೊತ್ತು, ಇಲ್ಲಿ ಕೆಲಸ ಏನು ಕಮ್ಮಿ ಇದೆಯಾ?"

ಅಂದು ಸಾರು ಅರ್ಧ ಪಾತ್ರೆ ಉಳಿಯಿತು.

ಮನಿಲಾದಿಂದ ದೂರದ ಕಾಪಿಜ಼್ ಕರಾವಳಿಯಲ್ಲಿ, ಮೀನುಗಾರಿಕೆ ಕಾಲೇಜಿನ ಗೇಟಿನೆದುರು ಪೂರಿಂಗ್‌ಳ ಊಟದಂಗಡಿ. ಅದರ ಹಿಂದೆಯೇ ಮನೆ. ಗಂಡ ಎಲ್ಪಿಡಿಯೊ ಸರಕು ಹಡಗಿನಲ್ಲಿ ಅಡುಗೆಯವನು. ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿ, ಉಳಿದ ಹತ್ತು ತಿಂಗಳು ಫೋನಿನಲ್ಲಿ. ಅರಾಸೆಲಿ ಅಕ್ಕನಿಗಿಂತ ಆರು ವರ್ಷಕ್ಕೆ ಚಿಕ್ಕವಳು, ಮದುವೆಯಾಗಿಲ್ಲ. ಅದೇ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆ. ಮನೆಯ ಮಹಡಿ ಕಟ್ಟಿಸಿ ಅಲ್ಲೇ ಇದ್ದಾಳೆ. ಪೂರಿಂಗ್ ಶಿಕ್ಷಕಿಯ ತರಬೇತಿ ಎರಡು ವರ್ಷ ಮುಗಿಸಿದ್ದಾಗ ಅಪ್ಪ ತೀರಿಕೊಂಡ. ಒಬ್ಬಳನ್ನು ಮಾತ್ರ ಓದಿಸಬಹುದಿತ್ತು. "ಸೆಲಿ ತಲೆ ಓದಿಗೆ ಆಗುತ್ತೆ, ನಿನ್ನ ಕೈ ಒಲೆಗೆ ಆಗುತ್ತೆ" ಎಂದು ಬಾಸಿಂಗ್ ತೀರ್ಮಾನ ಮಾಡಿದಳು. ಪೂರಿಂಗ್ ಒಲೆ ಹಚ್ಚಿದಳು. ತಂಗಿ ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು ಬೆಲ್ಜಿಯಂಗೆ ಹೋಗಿ ಡಾಕ್ಟರೇಟ್ ಪಡೆದು ಬಂದಾಗ ಊರಿಗೆಲ್ಲ ಊಟ ಹಾಕಿದವಳೂ ಪೂರಿಂಗ್‌ಳೇ. ಅದರ ಬಗ್ಗೆ ಅವಳು ಎಂದೂ ಕೊರಗಿದವಳಲ್ಲ. ತಂಗಿಯ ಓದಿನಲ್ಲಿ ತನ್ನದೂ ಒಂದು ಪಾಲಿದೆ ಎಂದುಕೊಂಡು ಮೂವತ್ತು ವರ್ಷ ಅವಳ ತಟ್ಟೆ ಮಹಡಿಗೆ ಹೊತ್ತಿದ್ದಳು.

ಜೊವೆಲಿನ್ ಐದು ವರ್ಷಗಳಿಂದ ಚಿಕ್ಕಮ್ಮನ ಕೈಕೆಳಗೆ ಸಹಾಯಕಿ. ಸಮುದ್ರದಲ್ಲಿ ಪಾಚಿಯಿಂದ ಕೆಂಪು ವಿಷ ಏರಿದಾಗ ಸಿಂಪಿಯೊಳಗೆ ಅದು ಎಷ್ಟು ದಿನ ಉಳಿಯುತ್ತದೆ, ಮತ್ತೆ ಯಾವಾಗ ತಿನ್ನಬಹುದು ಎಂದು ಪರೀಕ್ಷಿಸುವುದು ಅವಳ ಕೆಲಸ. ಅದನ್ನೇ ಹಿಡಿದು ಡಾಕ್ಟರೇಟ್ ಮಾಡಬೇಕು, ಸಂಬಳ ಕೊಟ್ಟು ಓದಿಸುವ ಕಡೆಗೇ ಹೋಗಬೇಕು ಎಂದು ಹಟ. ಪ್ರೊಫೆಸರುಗಳ ಲೇಖನ ಓದಿ, ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ ಬರೆದಳು. ಅರವತ್ತು ಬರೆದರೆ ಉತ್ತರ ಬಂದದ್ದು ಒಂಬತ್ತು. ಅದರಲ್ಲಿ ನಾಲ್ಕು ಸಂದರ್ಶನದವರೆಗೆ ಹೋದವು. ನಾಲ್ಕೂ ಕಡೆ ಒಂದೇ ಕಥೆ: ಸಂದರ್ಶನ ಚೆನ್ನಾಗಿ ಆಗುತ್ತಿತ್ತು, 'ನಿನ್ನ ಬಲ್ಲವರಿಂದ ಶಿಫಾರಸು ತರಿಸಿಕೊಳ್ಳುತ್ತೇವೆ' ಎನ್ನುತ್ತಿದ್ದರು, ಆಮೇಲೆ ಬಾಗಿಲು ಮುಚ್ಚುತ್ತಿತ್ತು.

ಆ ವಾರವೇ ಜೊವೆಲಿನ್ ನಾರ್ವೆಯ ಪ್ರೊಫೆಸರಿಗೆ ಇನ್ನೊಮ್ಮೆ ಬರೆದಳು: ಎಲ್ಲಿ ಎಡವಿದೆ ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು. ಮಾರಿತ್ ಎಂಬ ಆ ಹೆಂಗಸು ತಾನೇ ಕರೆ ಮಾಡುತ್ತೇನೆಂದಳು. ಮಂಗಳವಾರ ಸಂಜೆ ನಾಲ್ಕಕ್ಕೆ, ಅಂಗಡಿ ಖಾಲಿ ಇದ್ದ ಹೊತ್ತಿನಲ್ಲಿ ಕರೆ ಬಂತು. ಜೊವೆಲಿನ್ ಸ್ಪೀಕರ್ ಹಾಕಿದಳು. ಪೂರಿಂಗ್ ಆಚೆ ಬದಿಯ ಮೇಜಿನಲ್ಲಿ ಕೂತು ಸಿಂಪಿ ಒಡೆಯುತ್ತಿದ್ದಳು. ಎರಡು ವರ್ಷ ಶಿಕ್ಷಕಿಯ ತರಬೇತಿ ಆದವಳಿಗೆ ಇಂಗ್ಲಿಷ್ ತಿಳಿಯದೆ ಇರುವುದಿಲ್ಲ.

"ನಿನ್ನ ಕೆಲಸದಲ್ಲಿ ಕೊರತೆ ಕಾಣಲಿಲ್ಲ. ಮೂವರಲ್ಲಿ ನೀನೇ ಮೊದಲು ಇದ್ದೆ," ಎಂದಳು ಮಾರಿತ್. "ಶಿಫಾರಸಿನಲ್ಲಿ ಏನಿತ್ತು ಅಂತ ನಾನು ಹೇಳೋ ಹಾಗಿಲ್ಲ. ಆದರೆ ನಮ್ಮ ಪಕ್ಕದ ಪ್ರಯೋಗಾಲಯದಲ್ಲಿ ಒಂದು ಹುದ್ದೆ ಬರ್ತಿದೆ, ಇನ್ನು ಮೂರು ವಾರ ಸಮಯ ಇದೆ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ, ಈ ಸಲ ಯಾರ ಹೆಸರು ಕೊಡಬೇಕು ಅಂತ ಯೋಚನೆ ಮಾಡ್ತಿದ್ದೆ."

ಕರೆ ಮುಗಿದ ಮೇಲೆ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪೂರಿಂಗ್ ಇನ್ನೂ ನಾಲ್ಕು ಸಿಂಪಿ ಒಡೆದಳು.

"ಮೂರು ಜನ ಬರೀತಾರೆ," ಎಂದಳು ಜೊವೆಲಿನ್. "ಮೀನುಗಾರಿಕೆ ಕಚೇರಿಯ ಬಾರಿಯೋಸ್ ಸಾರ್, ನಿವೃತ್ತರಾದ ದಾಲಿಪೆ ಮಾಸ್ತರು, ಆಮೇಲೆ ಚಿಕ್ಕಮ್ಮ, ಟಿಟಾ ಸೆಲಿ."

"ಬಾರಿಯೋಸ್ ಇರಬೇಕು. ಆ ಮನುಷ್ಯನಿಗೆ ಮೊದಲಿಂದ್ಲೂ ಜಂಬ."

"ನಾನಾಯ್, ಟಿಟಾನೇ."

ಪೂರಿಂಗ್ ಚಾಕುವನ್ನು ಬಟ್ಟಲಿನೊಳಕ್ಕೆ ಹಾಕಿದಳು. "ಬಾಯಿ ಮುಚ್ಚು. ನಿನಗೆ ಜ್ವರ ಬಂದಾಗ ಆಸ್ಪತ್ರೆಲಿ ಮೂರು ದಿನ ಕೂತಿದ್ದೋಳು ಯಾರು? ನಿನ್ನ ಕಾಲೇಜಿಗೆ ಸೇರಿಸಿದ್ದು ಯಾರು?"

"ಅದೆಲ್ಲ ಟಿಟಾನೇ. ಇದೂ ಟಿಟಾನೇ."

"ಸಿಗಲಿಲ್ಲ ಅಂತ ಮನೆಯವರ ಮೇಲೆ ಗೂಬೆ ಕೂರಿಸ್ತೀಯಾ? ನಿನ್ನಪ್ಪ ಭಾನುವಾರ ಫೋನ್ ಮಾಡ್ಲಿ, ಹೇಳ್ತೀನಿ."

"ಹೇಳು. ಅಪ್ಪ ಸಮುದ್ರದ ಮಧ್ಯದಿಂದ ಏನು ಮಾಡ್ತಾನೆ, ಸಾರಿಗೆ ಉಪ್ಪು ಹಾಕ್ತಾನೆ."

ಪೂರಿಂಗ್‌ಗೆ ನಗು ಬರುವುದರಲ್ಲಿತ್ತು. ತಡೆದುಕೊಂಡಳು. ಆಮೇಲೆ ಮೂರು ದಿನ ತಾಯಿ ಮಗಳ ನಡುವೆ 'ಉಪ್ಪು ಕೊಡು', 'ಗ್ಯಾಸ್ ಮುಗೀತು' ಬಿಟ್ಟರೆ ಬೇರೆ ಮಾತಿರಲಿಲ್ಲ.

ನಾಲ್ಕನೆಯ ದಿನ ಪೂರಿಂಗ್ ಒಂದು ಚೀಲ ಒಳ್ಳೆಯ ಸಿಂಪಿ ಆರಿಸಿಕೊಂಡು ತ್ರಿಚಕ್ರ ಗಾಡಿ ಹತ್ತಿ ಮೀನುಗಾರಿಕೆ ಕಚೇರಿಗೆ ಹೋದಳು. ತಂಗಿಯ ಮೇಲೆ ಬಂದ ಅಪವಾದ ತೊಳೆಯಬೇಕು, ಅಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

"ಏನು ಪೂರಿಂಗ್, ಸರ್ಕಾರಿ ಕಚೇರಿಗೆ ಲಂಚ ತಂದ್ಯಾ?" ಎಂದ ಬಾರಿಯೋಸ್.

"ಲಂಚಾನೇ ಸಾರ್. ಜೊವೆಲಿನ್ ಬಗ್ಗೆ ನೀವು ಬರೆದದ್ದು ಒಂಚೂರು ತೋರಿಸ್ಬೇಕು."

ಅವನು ಹುಬ್ಬೇರಿಸಿದ, ಆದರೆ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ಎರಡು ಪುಟ. ಎರಡು ವರ್ಷದ ಹಿಂದೆ ಕೆಂಪು ವಿಷ ಏರಿದಾಗ ಮನಿಲಾದಿಂದ ವರದಿ ಬರುವ ಮೊದಲೇ ಈ ಹುಡುಗಿ ಎಚ್ಚರಿಸಿದಳು, ತಾನು ನಂಬಲಿಲ್ಲ, ತಾನೇ ತಪ್ಪು, ಅವಳೇ ಸರಿ ಎಂದು ಬಾರಿಯೋಸ್ ತನ್ನ ಕೈಯಾರೆ ಬರೆದುಕೊಂಡಿದ್ದ. ಜಂಬದ ಮನುಷ್ಯ ಹಾಗೆ ಬರೆಯುವುದು ಸಣ್ಣ ಮಾತಲ್ಲ. ಪೂರಿಂಗ್ ಚೀಲ ಅಲ್ಲೇ ಬಿಟ್ಟು ಬಂದಳು.

ಅಲ್ಲಿಂದ ದಾಲಿಪೆ ಮಾಸ್ತರ ಮನೆಗೆ ಹೋದಳು. ಅವರಿಗೆ ಕಣ್ಣು ಮಂಜು. ಅವರ ಸೊಸೆ ಪತ್ರದ ಪ್ರತಿಯನ್ನು ಓದಿ ಹೇಳಿದಳು. 'ಇವಳು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ' ಎಂಬ ಒಂದು ವಾಕ್ಯ ಅದರಲ್ಲಿತ್ತು.

"ಇಬ್ಬರದನ್ನೂ ನೋಡಿಯಾಯ್ತಾ?" ಮಾಸ್ತರು ಕೇಳಿದರು.

"ಹೂಂ."

"ಹಾಗಾದ್ರೆ ಮನೆಗೆ ಹೋಗು."

ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ನಾಲ್ವರೂ ಊಟಕ್ಕೆ ಕೂತರು. ಸುಟ್ಟ ಮೀನು, ಬಾಳೆಯೆಲೆಯಲ್ಲಿ ಬೇಯಿಸಿದ ಕೋಳಿ. ಅರಾಸೆಲಿ ಮೀನಿನ ಮುಳ್ಳು ಬಿಡಿಸಿ ತಾಯಿಯ ತಟ್ಟೆಗೆ ಹಾಕುತ್ತ, "ಈ ತಿಂಗಳು ನನ್ನ ಹತ್ರ ಯಾವ ಶಿಫಾರಸೂ ಕೇಳಲಿಲ್ವಲ್ಲ. ಅರ್ಜಿ ಹಾಕೋದು ಬಿಟ್ಯಾ?" ಎಂದಳು.

"ಹಾಕಿದ್ದೀನಿ ಟಿಟಾ. ನಾರ್ವೆಗೇ, ಪಕ್ಕದ ಪ್ರಯೋಗಾಲಯಕ್ಕೆ. ಇಲೋಯ್ಲೋದಲ್ಲಿ ತರಬೇತಿ ಕೊಟ್ಟಿದ್ರಲ್ಲ, ಆ ಮೇಡಂ ಹೆಸರು ಕೊಟ್ಟೆ."

ಅರಾಸೆಲಿಯ ಕೈ ನಿಂತಿತು. "ಮೂರು ತಿಂಗಳು ಕಲಿಸಿದವಳ ಹೆಸರು ಕೊಟ್ಟೆ, ಐದು ವರ್ಷ ಕಲಿಸಿದವಳದು ಬೇಡ."

"ಬೇಡ ಅನ್ನಿಸ್ತು."

"ಉಂಡ ಮನೆಯ ಜಂತೆ ಎಣಿಸೋಳು," ಎಂದಳು ಅಜ್ಜಿ. "ಸೆಲಿ ಇಲ್ದಿದ್ರೆ ನೀನು ಇವತ್ತು ಅಂಗಡೀಲಿ ತಟ್ಟೆ ಎತ್ತುತಾ ಇರ್ತಿದ್ದೆ."

"ನಾನಾಯ್ ಎತ್ತುತಾಳಲ್ಲ, ಲೋಲಾ. ಅದೇನು ಅವಮಾನ?"

"ಸಾಕು," ಎಂದಳು ಪೂರಿಂಗ್. ತಂಗಿಯ ಕಡೆ ತಿರುಗಿದಳು. "ಸೆಲಿ, ನೀನು ಬರೆದದ್ದು ತೋರಿಸಿಬಿಡು. ಇವಳ ಬಾಯಿ ಮುಚ್ಚಲಿ."

ಅರಾಸೆಲಿ ಹಿಂದೆಮುಂದೆ ನೋಡಲಿಲ್ಲ. ಮಹಡಿಗೆ ಹೋಗಿ ಒಂದು ಹಾಳೆ ತಂದು ಗಟ್ಟಿಯಾಗಿ ಓದಿದಳು. ಜೊವೆಲಿನ್ ಐದು ವರ್ಷಗಳಿಂದ ತನಗೆ ಪರಿಚಿತಳು. ಸಮಯಕ್ಕೆ ಸರಿಯಾಗಿ ಬರುತ್ತಾಳೆ. ಹೇಳಿದ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತಾಳೆ. ತೊಟ್ಟಿಗಳನ್ನೂ ಉಪಕರಣಗಳನ್ನೂ ಶುಚಿಯಾಗಿ ಇಡುತ್ತಾಳೆ. ಹಿರಿಯರಿಗೆ ಎದುರಾಡುವುದಿಲ್ಲ. ಕುಟುಂಬದ ಮೇಲೆ ಬಹಳ ಪ್ರೀತಿಯುಳ್ಳವಳು. ತಕ್ಕ ಮೇಲ್ವಿಚಾರಣೆ ಸಿಕ್ಕರೆ ಉಪಯುಕ್ತ ಕೆಲಸ ಮಾಡಬಲ್ಲಳು.

"ಎಷ್ಟು ಚೆನ್ನಾಗಿ ಬರೆದಿದ್ದೀಯೇ," ಎಂದಳು ಬಾಸಿಂಗ್. "ನನ್ನ ಬಗ್ಗೆ ಯಾರೂ ಇಂಥದ್ದು ಬರೀಲಿಲ್ಲ."

ಪೂರಿಂಗ್‌ಗೆ ಎದೆ ಹಗುರಾಯಿತು. ಒಂದು ಕೆಟ್ಟ ಮಾತಿಲ್ಲ. ಬಾಸಿಂಗ್‌ಗೆ ಇನ್ನೊಂದು ಕೋಳಿ ತುಂಡು ಹಾಕಿದಳು, ತಂಗಿಗೂ ಹಾಕಿದಳು. ಜೊವೆಲಿನ್ ಎದ್ದು ತಟ್ಟೆಗಳನ್ನು ಎತ್ತಿಕೊಂಡು ಹಿತ್ತಿಲ ನಲ್ಲಿಗೆ ಹೋದಳು.

ಪೂರಿಂಗ್ ಹಿಂದೆಯೇ ಬಂದಳು. "ಕೇಳಿದ್ಯಲ್ಲ? ಈಗ ಹೋಗಿ ಕಾಲು ಮುಟ್ಟಿ ತಪ್ಪಾಯ್ತು ಅನ್ನು."

ಜೊವೆಲಿನ್ ಬೂದಿ ಹಾಕಿ ಬಾಣಲೆ ಉಜ್ಜುತ್ತಿದ್ದಳು. "ನಾನಾಯ್, ನಿನ್ನ ಅಂಗಡಿಗೆ ಅಡುಗೆಯವಳು ಬೇಕು ಅಂತಿಟ್ಕೋ. ಒಬ್ಬಳು ಬಂದಳು. ಅವಳು ಮೊದಲು ಇದ್ದ ಕಡೆ ವಿಚಾರಿಸ್ತೀಯ. 'ಅವಳ ಅಡುಗೆ ಹೇಗೆ?' ಅಂತ ಕೇಳ್ತೀಯ. ಅವರು, 'ಪಾತ್ರೆ ಚೆನ್ನಾಗಿ ತೊಳೀತಾಳೆ. ಎದುರುತ್ತರ ಕೊಡಲ್ಲ. ಹೊತ್ತಿಗೆ ಸರಿಯಾಗಿ ಬರ್ತಾಳೆ' ಅಂತಾರೆ. ಅವಳನ್ನ ಒಲೆ ಮುಂದೆ ನಿಲ್ಲಿಸ್ತೀಯಾ?"

ಪೂರಿಂಗ್ ಅವಳ ಕೈಯಿಂದ ಬಾಣಲೆ ತೆಗೆದುಕೊಂಡು ನೀರಿಗೆ ಹಿಡಿದಳು.

"ಹೋದ ವರ್ಷ ನನ್ನ ಜೊತೆ ಕೆಲಸ ಮಾಡ್ತಿದ್ದ ಎರ್ವಿನ್ ಬೆಲ್ಜಿಯಂಗೆ ಹೋದನಲ್ಲ, ಅವನಿಗೆ ಟಿಟಾ ಬಾಯಲ್ಲಿ ಹೇಳಿದ್ದನ್ನ ಟೈಪ್ ಮಾಡಿದ್ದು ನಾನು. 'ಇಪ್ಪತ್ತು ವರ್ಷದಲ್ಲಿ ನನ್ನ ಕೈಗೆ ಸಿಕ್ಕ ಅತಿ ಚುರುಕಿನ ತಲೆ' ಅಂತ ಬರೆಸಿದ್ರು. ಅದರಲ್ಲಿ ಹೊಗಳಿದ್ದ ಕೆಲಸದಲ್ಲಿ ಅರ್ಧ ನನ್ನದು. ಹೇಗೆ ಬರೀಬೇಕು ಅಂತ ಟಿಟಾಗೆ ಗೊತ್ತಿಲ್ಲ ಅನ್ಕೋಬೇಡ."

ಪೂರಿಂಗ್ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. ಮಹಡಿ ಮೆಟ್ಟಿಲು ಹತ್ತಿದಳು.

ಅರಾಸೆಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದಳು. "ಬಾ ಮನಾಂಗ್," ಎಂದು ಅಕ್ಕನನ್ನು ಕರೆದಳು. "ಸಮಾಧಾನ ಆಯ್ತಾ ಅವಳಿಗೆ?"

"ಅವಳ ಅಡುಗೆ ಹೇಗಿದೆ, ಸೆಲಿ?"

"ಏನು?"

"ಜೊವೆಲಿನ್ ಕೆಲಸದಲ್ಲಿ ಹೇಗೆ ಅಂತ ಕೇಳ್ದೆ. ತೊಟ್ಟಿ ತೊಳೆಯೋದು ಬಿಟ್ಟು."

ಅರಾಸೆಲಿ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. "ಚುರುಕು. ಅಲ್ಲ ಅಂದೋರು ಯಾರು?"

"ನೀನು. ನಾಲ್ಕು ದೇಶಕ್ಕೆ ಬರೆದು ತಿಳಿಸಿದ್ದೀಯ."

"ನಾನು ಸುಳ್ಳು ಬರೆದಿಲ್ಲ, ಮನಾಂಗ್. ಒಂದು ಅಕ್ಷರ ತೋರಿಸು, ಸುಳ್ಳಾಗಿರೋದು."

"ಗಿರಾಕಿಗೆ ಗಂಜಿ ತಿಳಿ ಕೊಟ್ಟು, ಇದ್ರಲ್ಲಿ ವಿಷ ಇಲ್ಲ ಅಂದ ಹಾಗಾಯ್ತು. ಯಾಕೆ ಹೀಗೆ ಮಾಡಿದೆ?"

ಅರಾಸೆಲಿ ಎದ್ದು ಕಿಟಕಿಯ ಹತ್ತಿರ ಹೋದಳು. ಅಲ್ಲಿಂದ ಸಿಂಪಿ ಮರಿಗಳನ್ನು ಬೆಳೆಸುವ ಕಾಲೇಜಿನ ಮರಿಮನೆಯ ತಗಡಿನ ಮಾಡು ಕಾಣುತ್ತಿತ್ತು. "ನನಗಿನ್ನು ಎರಡೇ ವರ್ಷ ಸೇವೆ. ಮರಿಮನೆ ನಾನು ಕಟ್ಟಿದ್ದು. ಅವಳು ಹೋದ್ರೆ ಅದನ್ನ ನಡೆಸೋರು ಯಾರು? ಎರ್ವಿನ್ ಇದ್ರೂ ಒಂದೇ ಹೋದ್ರೂ ಒಂದೇ, ಕಳಿಸ್ದೆ. ಇವಳಿಲ್ದಿದ್ರೆ ನನ್ನ ಕೊನೇ ವರದಿ ಮುಗಿಯಲ್ಲ. ಎರಡು ವರ್ಷ ಆದ್ಮೇಲೆ ನಾನೇ ಬರೆದು ಕಳಿಸ್ತಿದ್ದೆ."

"ಅಷ್ಟೊತ್ತಿಗೆ ಅವಳಿಗೆ ಮೂವತ್ತು ತುಂಬುತ್ತೆ."

"ನನಗೆ ಐವತ್ತೆಂಟು. ಮತ್ತೆ ನೀನೇ ಹೇಳಿರಲಿಲ್ವಾ? ಹೋದ ಈಸ್ಟರ್‌ನಲ್ಲಿ, ಇದೇ ಮೆಟ್ಟಿಲ ಮೇಲೆ ಕೂತ್ಕೊಂಡು. 'ಎಲ್ಪಿಡಿಯೊ ಹಡಗು ಬಿಟ್ಟು ಬರೋ ತನಕ ಇವಳೊಬ್ಬಳು ಇಲ್ಲೇ ಇದ್ರೆ ಸಾಕಪ್ಪ' ಅಂದೆ. ನಿನಗೋಸ್ಕರಾನೂ ಮಾಡಿದೆ ಅನ್ಕೋ."

ಹೇಳಿದ್ದು ನಿಜ. ಪೂರಿಂಗ್‌ಗೆ ಆ ದಿನ ನೆನಪಾಯಿತು. ಕಾಲು ನೋಯುತ್ತಿತ್ತು, ಅಂಗಡಿಯಲ್ಲಿ ಕೆಲಸದವಳು ಬಂದಿರಲಿಲ್ಲ. ಬಾಯಿಗೆ ಬಂದ ಮಾತು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಾನು ಅಂದಿರಬಹುದು. ತಾಯಿ ಬಾಯಲ್ಲಿ ಅಂಥದ್ದು ಬರುತ್ತೆ. ಅದನ್ನ ಹಿಡ್ಕೊಂಡು ಕಾಗದ ಬರಿ ಅಂದಿದ್ನಾ? ಅವಳನ್ನ ಕೂರಿಸ್ಕೊಂಡು, 'ಎರಡು ವರ್ಷ ಇರು ಇಂದಾಯ್, ನನಗೆ ನಿನ್ನ ಅಗತ್ಯ ಇದೆ' ಅಂತ ಒಂದು ಮಾತು ಕೇಳಿದ್ರೆ ಇರ್ತಿದ್ದಳು. ಆ ಹುಚ್ಚು ಹುಡುಗಿ ಖಂಡಿತ ಇರ್ತಿದ್ದಳು."

ಅರಾಸೆಲಿ ಕಿಟಕಿ ಬಿಟ್ಟು ಬಂದು ಮತ್ತೆ ಪರೀಕ್ಷೆಯ ಕಟ್ಟಿನ ಮುಂದೆ ಕೂತಳು.

"ಇನ್ನೊಂದು ವಿಷಯ, ಸೆಲಿ. ಹೊತ್ತಿಗೆ ಸರಿಯಾಗಿ ಬರ್ತಾಳೆ, ಬೇಸರ ಇಲ್ಲದೆ ದುಡೀತಾಳೆ, ಎದುರಾಡಲ್ಲ, ಮನೆಯವರು ಅಂದ್ರೆ ಪ್ರಾಣ. ಅದು ಜೊವೆಲಿನ್ ಅಲ್ಲ. ಅವಳು ದಿನಕ್ಕೆ ಹತ್ತು ಸಲ ಎದುರಾಡ್ತಾಳೆ. ಆ ಕಾಗದದಲ್ಲಿರೋಳು ನಾನು. ಮೂವತ್ತು ವರ್ಷ ನೀನು ನನ್ನನ್ನ ಏನಂತ ತಿಳ್ಕೊಂಡಿದ್ದೆ ಅಂತ ಇವತ್ತು ಓದಿ ಹೇಳ್ದೆ."

"ಮನಾಂಗ್, ಹಾಗೆಲ್ಲ..."

ಪೂರಿಂಗ್ ಇಳಿದು ಬಂದಳು. ಸಂಜೆ ಮಹಡಿಗೆ ತಟ್ಟೆ ಹೋಗಲಿಲ್ಲ. ಏಳು ಗಂಟೆಗೆ ಅರಾಸೆಲಿಯೇ ಕೆಳಗೆ ಬಂದು, ಮುಚ್ಚಿಟ್ಟಿದ್ದನ್ನು ಬಡಿಸಿಕೊಂಡು, ನಿಂತೇ ಉಂಡು ಹೋದಳು.

"ಏನಾಗಿದೆ ಈ ಮನೆಗೆ?" ಬಾಸಿಂಗ್ ಕೇಳಿದಳು. "ಇಬ್ಬರನ್ನೂ ಹೆತ್ತವಳು ನಾನು. ನನಗೊಂದು ಮಾತು ಹೇಳಬಾರದಾ?"

"ಇಬ್ಬರಲ್ಲಿ ಒಬ್ಬಳನ್ನ ಆರಿಸಿದ್ಯಲ್ಲ, ಅವಳನ್ನೇ ಕೇಳಮ್ಮ," ಎಂದಳು ಪೂರಿಂಗ್. ತಾಯಿಗೆ ಅಂಥ ಮಾತು ಅವಳು ಅಂದದ್ದು ಅದೇ ಮೊದಲು. ಬಾಸಿಂಗ್ ಜಪಮಾಲೆ ಕೈಗೆತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಈಸ್ಟರ್ ದಿನ ತಾನಂದ ಮಾತನ್ನು ಮಗಳಿಗೆ ಹೇಳುವುದೋ ಬೇಡವೋ ಎಂದು ಪೂರಿಂಗ್ ಒಂದು ವಾರ ಒದ್ದಾಡಿದಳು. ಅನ್ನ ಎರಡು ಸಲ ಸೀದಿತು. ಕೊನೆಗೆ ಬುಧವಾರ ಬೆಳಿಗ್ಗೆ, ಇಬ್ಬರೂ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಗ, ತಲೆಯೆತ್ತದೆ ಹೇಳಿಬಿಟ್ಟಳು.

ಜೊವೆಲಿನ್ ಸುಲಿದ ಎಸಳನ್ನು ಬಟ್ಟಲಿಗೆ ಹಾಕಿದಳು. "ಗೊತ್ತು ನಾನಾಯ್."

"ಅವಳು ಹೇಳಿದಳಾ?"

"ನೀನೇ ಹೇಳಿದ್ದೆ. ನನ್ನೆದುರಿಗೇ, ಎಷ್ಟು ಸಲ. 'ಹೋಗಬೇಡವೇ, ಇಲ್ಲೇ ಇರೇ' ಅಂತ. ನಾನು ಆಗಲ್ಲ ಅಂದೆ, ನೀನು ಅತ್ತುಬಿಟ್ಟೆ, ಆಮೇಲೆ ಪಾಸ್‌ಪೋರ್ಟಿಗೆ ಅಂತ ಚೀಟಿ ದುಡ್ಡು ತೆಗೆದು ಕೊಟ್ಟೆ. ನಿನ್ನ ಜೊತೆ ನಾನು ಜಗಳ ಆಡಬಹುದಿತ್ತು. ಟಿಟಾ ಜೊತೆ ಜಗಳ ಆಡೋಕೂ ನನಗೆ ಅವಕಾಶ ಇರಲಿಲ್ಲ."

ಪೂರಿಂಗ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. ಬೆಳ್ಳುಳ್ಳಿ ಎಂದಳು. ಬೆಳ್ಳುಳ್ಳಿಗೆ ಕಣ್ಣಲ್ಲಿ ನೀರು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಫೆಬ್ರವರಿ ಎರಡನೆಯ ವಾರ ನಾರ್ವೆಯಿಂದ ಕಾಗದ ಬಂತು: ಮೂರು ವರ್ಷದ ಹುದ್ದೆ, ತಿಂಗಳ ಸಂಬಳ, ಆಗಸ್ಟಿನಲ್ಲಿ ಸೇರಬೇಕು. ಜೊವೆಲಿನ್ ಓಡಿಬಂದು ಅಂಗಡಿಯ ಮುಂದೆ ನಿಂತಳು. ಕೈಯಲ್ಲಿದ್ದ ಫೋನನ್ನು ಎತ್ತಿ ತೋರಿಸಿದಳು. ಊಟಕ್ಕೆ ಕೂತಿದ್ದ ಹುಡುಗರೇ ವಿಷಯ ಓದಿ ಚಪ್ಪಾಳೆ ಹೊಡೆದರು. ಎಲ್ಪಿಡಿಯೊ ಎಲ್ಲೋ ಆಫ್ರಿಕಾದ ಬಂದರಿನಿಂದ ಫೋನಿನಲ್ಲಿ ಅಳುತ್ತ, ಅಲ್ಲಿ ಚಳಿ ಜಾಸ್ತಿ, ಕಾಲುಚೀಲ ಹಾಕ್ಕೋ ಎಂದು ಮೂರು ಸಲ ಹೇಳಿದ.

ಕಾಲೇಜಿನಲ್ಲಿ ಸುದ್ದಿ ಸಂಜೆಯೊಳಗೆ ಹರಡಿತು. ಮರುದಿನ ಗೇಟಿನಲ್ಲಿ ಅಭಿನಂದನೆಯ ದೊಡ್ಡ ಬಟ್ಟೆ ತೂಗುಹಾಕಿದರು. ಜೊವೆಲಿನ್‌ಳ ಫೋಟೋ, ಅದರ ಕೆಳಗೆ 'ಡಾಕ್ಟರ್ ಅರಾಸೆಲಿ ಅವರ ಮಾರ್ಗದರ್ಶನದಲ್ಲಿ' ಎಂದು ಬರೆದಿತ್ತು. ಪೂರಿಂಗ್ ದಿನವೂ ಒಲೆಯ ಮುಂದೆ ನಿಂತು ಅದನ್ನು ನೋಡಬೇಕಾಯಿತು. ಬಟ್ಟೆಯನ್ನು ಕಿತ್ತುಹಾಕುತ್ತೇನೆಂದು ಒಮ್ಮೆ ಹೊರಟಳು. "ಬಿಡು ನಾನಾಯ್, ನಾಲ್ಕು ಮಳೆಗೆ ಮಾಸುತ್ತೆ," ಎಂದು ಜೊವೆಲಿನ್ ತಡೆದಳು.

ಹೋಗುವ ದಿನ ಅರಾಸೆಲಿ ವಿಮಾನ ನಿಲ್ದಾಣಕ್ಕೂ ಬಂದಿದ್ದಳು. ನೆಂಟರು, ನೆರೆಯವರು, ಎಲ್ಲರ ನಡುವೆ ಅಕ್ಕನ ಮಗಳ ತಲೆ ಸವರಿ, "ಬೇಗ ಮುಗಿಸಿ ಬಾ," ಎಂದಳು. ಜೊವೆಲಿನ್ ಚಿಕ್ಕಮ್ಮನ ಕೈಯನ್ನು ಹಣೆಗೆ ಒತ್ತಿಕೊಂಡಳು, ಹಿರಿಯರಿಗೆ ಮಾಡುವಂತೆ. ಆಮೇಲೆ ತಾಯಿಯನ್ನು ತಬ್ಬಿಕೊಂಡು ತುಂಬ ಹೊತ್ತು ಬಿಡಲಿಲ್ಲ.

ಸೆಪ್ಟೆಂಬರಿನಲ್ಲಿ ಮನಿಲಾದಿಂದ ಮೂವರು ಅಧಿಕಾರಿಗಳು ಮರಿಮನೆ ನೋಡಲು ಬಂದರು. ಮರಿಮನೆಯಲ್ಲಿ ಅರ್ಧದಷ್ಟು ತೊಟ್ಟಿಗಳು ಖಾಲಿ. ಮಧ್ಯಾಹ್ನ ಅರಾಸೆಲಿ ಅವರನ್ನು ಅಕ್ಕನ ಅಂಗಡಿಗೆ ಊಟಕ್ಕೆ ಕರೆತಂದಳು. ಒಳ್ಳೆಯ ರೇಷ್ಮೆಯಂಥ ಕುಪ್ಪಸ, ಕೊರಳಲ್ಲಿ ಮುತ್ತು.

"ನಮ್ಮ ಹುಡುಗಿ ನಾರ್ವೆಯಲ್ಲಿದ್ದಾಳೆ," ಎಂದು ಅವರಿಗೆ ಹೇಳುತ್ತಿದ್ದಳು. "ನನ್ನ ಕೈಯಲ್ಲೇ ಬೆಳೆದವಳು. ಶಿಫಾರಸು ಬರೆದೂ ಬರೆದೂ ನನ್ನ ಕೈ ಬಿದ್ದುಹೋಯ್ತು." ಅವರು ನಕ್ಕರು. ಅವಳು ಒಲೆಯ ಕಡೆ ತಿರುಗಿ, "ಅಲ್ವಾ ಮನಾಂಗ್?" ಎಂದಳು.

ಪೂರಿಂಗ್ ಸೌಟು ಹಿಡಿದು ಬಂದಳು. ಅತಿಥಿಗಳಿಗೆ ಒಬ್ಬೊಬ್ಬರಿಗೂ ಸಾರು ಬಡಿಸಿದಳು. ತಂಗಿಯ ತಟ್ಟೆಯ ಹತ್ತಿರ ಬಂದು ನಿಂತಳು. ದಿನವೂ ನೂರು ಗಿರಾಕಿಗಳನ್ನು ಕೇಳುವ ದನಿಯಲ್ಲೇ ಕೇಳಿದಳು.

"ನಿಮಗೆ ಸಾರು ಹಾಕ್ಲಾ, ಮೇಡಂ?"

ಅಧಿಕಾರಿಗಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅರಾಸೆಲಿ ಅಕ್ಕನ ಮುಖ ನೋಡಿದಳು, ಆಮೇಲೆ ತಟ್ಟೆಯನ್ನು ನೋಡಿದಳು. ಅವಳ ಬಾಯಿಂದ ಹೌದು ಎಂದೂ ಬರಲಿಲ್ಲ, ಬೇಡ ಎಂದೂ ಬರಲಿಲ್ಲ. ಪೂರಿಂಗ್ ಸೌಟು ಹಿಡಿದುಕೊಂಡು ಪಕ್ಕದ ಮೇಜಿಗೆ ಹೋದಳು.